ತೊಟ್ಟಿಯ ಯಜಮಾನ

ಬ್ಲೀಚಿಂಗ್ ಪುಡಿಯ ವಾಸನೆ ಇನ್ನೂ ಬೆರಳಲ್ಲೇ ಇದೆ, ಸೋಪು ಹಚ್ಚಿ ತೊಳೆದದ್ದಾಯಿತು, ಕರವಸ್ತ್ರದಲ್ಲಿ ಉಜ್ಜಿದ್ದಾಯಿತು, ಆದರೂ ಟೀ ಕಪ್ಪು ಬಾಯಿಯ ಹತ್ತಿರ ಬಂದಾಗಲೆಲ್ಲ ಟೀಗಿಂತ ಮೊದಲು ಅದೇ ಮೂಗಿಗೆ ಬಡಿಯುತ್ತದೆ, ಎದುರಿಗೆ ಕುಳಿತ ಮೇಡಮ್ಮಿಗೂ ಬಡಿಯುತ್ತಿದೆಯೋ ಏನೋ, ಇಲ್ಲ, ಇರಲಾರದು, ಆಕೆ ಹಾಕಿಕೊಂಡ ಸೆಂಟೇ ಇಡೀ ಕೋಣೆಯನ್ನು ಆಳುತ್ತಿದೆ — ಈ ಕಾರ್ಖಾನೆಯಲ್ಲಿ ಬಣ್ಣ ಕುಡಿದು ಹೊರಬೀಳುವ ಬಟ್ಟೆಯಲ್ಲಿ ಮುಕ್ಕಾಲು ಪಾಲು ಆಕೆಯ ಕಂಪನಿಗೇ ಹೋಗುತ್ತದೆ, ಆಕೆ ಸೆಂಟು ಹಾಕಿಕೊಂಡು ಬಂದರೂ ಸರಿ, ಸೀಮೆಎಣ್ಣೆ ಹಾಕಿಕೊಂಡು ಬಂದರೂ ಸರಿ, ನಗುತ್ತಾ ಕೂರಬೇಕು. ಪಕ್ಕದಲ್ಲಿ ತಮ್ಮ ನಗುತ್ತಿದ್ದಾನೆ. ಅವನಿಗೆ ನಗು ಸಲೀಸು, ಚಿಕ್ಕಂದಿನಲ್ಲೂ ತಪ್ಪು ಮಾಡಿದ ಕೂಡಲೇ ನಕ್ಕುಬಿಡುತ್ತಿದ್ದ, ಅಪ್ಪನ ಎತ್ತಿದ ಕೈ ಅರ್ಧದಲ್ಲೇ ನಿಲ್ಲುತ್ತಿತ್ತು, ಉಳಿದರ್ಧ ಅಕ್ಕನಾದ ಅವಳ ಬೆನ್ನಿಗೆ. ನಮ್ಮಲ್ಲಿ ಲಾಭ ಬೇರೆ ಜವಾಬ್ದಾರಿ ಬೇರೆ ಅಂತ ಇಲ್ಲ ಮೇಡಂ, ಎರಡೂ ಒಂದೇ ಗಾಡಿ ಎತ್ತುಗಳು, ಅನ್ನುತ್ತಿದ್ದಾನೆ — ಅದು ಅವಳ ಮಾತು, ಬಣ್ಣದ ನೀರು ತಿಳಿಯಾಗಿಸುವ ಹೊಂಡ ಕಟ್ಟಿಸುವಾಗ ಅವಳು ಆಡಿದ ಮಾತು, ಆಗ ಇದೇ ತಮ್ಮ, ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ, ನೋಡ್ತಿರಕ್ಕಾ, ಅಂದು ಬಾಗಿಲು ಬಡಿದು ಹೋಗಿದ್ದ. ಈಗ ಎಷ್ಟು ಚೆನ್ನಾಗಿ ಹೇಳುತ್ತಾನೆ, ಅವಳಿಗಿಂತ ಚೆನ್ನಾಗಿ. ಕಿಟಕಿ ಅವಳ ಎಡಕ್ಕೆ. ಕತ್ತು ಹೊರಳಿಸದೆ ಕಣ್ಣಷ್ಟೇ ಹೊರಳಿಸಿದರೆ ಕೆಳಗಿನ ಅಂಗಳ, ಅಂಗಳದಲ್ಲಿ ನೀಲಿ ಪ್ಲಾಸ್ಟಿಕ್ ಟಬ್ಬು, ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತ ಮೀನಣ್ಣನ ಬೋಳುತಲೆ. ಟಬ್ಬಿನ ಒಳಗಿರುವುದು ಇಲ್ಲಿಂದ ಕಾಣುವುದಿಲ್ಲ. ಮೇಲೆ ನೋಡು ಮೀನಣ್ಣಾ, ಒಂದೇ ಒಂದು ಸಲ ಮೇಲೆ ನೋಡಿ ಕೈ ಎತ್ತು. ಅವನು ನೋಡುವುದಿಲ್ಲ.

ಮೀನಣ್ಣ ಅವನ ಹೆಸರಲ್ಲ, ಹೆಸರು ಅವನಿಗೇ ನೆನಪಿದೆಯೋ ಇಲ್ಲವೋ, ಬಣ್ಣದ ಹೊಲಸು ನೀರು ಹೊಂಡದಿಂದ ಹೊಂಡಕ್ಕೆ ಇಳಿದು ತಿಳಿಯಾಗುವುದನ್ನು ನೋಡಿಕೊಳ್ಳುವುದು ಅವನ ಕೆಲಸ, ಕೊನೆಯ ಹೊಂಡ ದಾಟಿದ ನೀರು ಕಾಲುವೆಗೆ ಬೀಳುವ ಮೊದಲು ಒಂದು ಗಾಜಿನ ತೊಟ್ಟಿಯಲ್ಲಿ ಹಾದು ಹೋಗಲಿ, ಅದರಲ್ಲಿ ಮೀನು ಬಿಡೋಣ, ಯಂತ್ರ ಸುಳ್ಳು ಹೇಳೀತು, ಮೀನು ಹೇಳಲಾರದು — ಇದು ಅವಳ ಯೋಚನೆ, ಮೀನು ತಂದವನು ಅವನು, ಅವತ್ತಿನಿಂದ ಮೀನಣ್ಣ. ಕಿತ್ತಳೆ ಬಣ್ಣದ ಮೀನುಗಳು, ಅದರಲ್ಲಿ ಒಂದರ ಬಾಲ ಹರಿದಿತ್ತು, ಹೊಟ್ಟೆ ಮುಂದೆ ಮಾಡಿಕೊಂಡು ತೊಟ್ಟಿಯ ಆ ತುದಿಯಿಂದ ಈ ತುದಿಗೆ ಠಳಾಯಿಸುತ್ತಿತ್ತು, ಕೆಲಸದವರು ಅದಕ್ಕೆ ಯಜಮಾನ ಅಂತ ಹೆಸರಿಟ್ಟರು, ಅಪ್ಪ ಹಾಗೇ ನಡೆಯುತ್ತಿದ್ದನಂತೆ, ಅವಳು ಕೇಳಿಸಿಕೊಂಡು ಕೇಳಿಸದವಳ ಹಾಗೆ ಹೋಗಿ ಸ್ನಾನದ ಮನೆಯಲ್ಲಿ ಒಬ್ಬಳೇ ನಕ್ಕಿದ್ದಳು. ಅಪ್ಪನ ಕೈ ಮೊಣಕೈವರೆಗೂ ನೀಲಿ. ಸತ್ತಾಗ ಮೈ ತೊಳೆದವರು ಎಷ್ಟು ಉಜ್ಜಿದರೂ ಹೋಗದ ನೀಲಿ. ಅಪ್ಪನ ಕಾಲದಲ್ಲಿ ಹೊಂಡವೂ ಇರಲಿಲ್ಲ ಮೀನೂ ಇರಲಿಲ್ಲ, ಒಂದು ಕೊಳವೆ, ಸೀದಾ ಕಾಲುವೆಗೆ, ಕಾಲುವೆಯ ಕೆಳಗಡೆ ಸೋದರತ್ತೆಯ ಮನೆ, ಅತ್ತೆಯ ಕಾಲ ಬೆರಳ ಸಂದಿಯಲ್ಲಿ ವರ್ಷವಿಡೀ ಕೆರೆತ, ನಿಮ್ಮಪ್ಪ ಇವತ್ತು ಯಾವ ಬಣ್ಣ ಹಾಕ್ದ ಅಂತ ನೀವ್ಯಾರೂ ನಂಗೆ ಹೇಳೋದು ಬೇಡ ಕಣೇ, ಕಾಲುವೆನೇ ಬಂದು ಹೇಳುತ್ತೆ, ಅನ್ನುತ್ತಿದ್ದಳು, ಅಂದು ನಗುತ್ತಿದ್ದಳು, ನಗುತ್ತಾ ಕಾಲು ಕೆರೆದುಕೊಳ್ಳುತ್ತಿದ್ದಳು. ಹೊಂಡ ಕಟ್ಟಿಸಿದ ಮೇಲೆ ಒಂದು ದಿನ ಫೋನು ಮಾಡಿ, ಕಾಲುವೆ ಮಾತು ಬಿಟ್ಟಿದೆ ಕಣೇ, ಪಾಪ, ನಿಮ್ಮಪ್ಪ ಹೋದ ದುಃಖ ಇರಬೇಕು — ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಸರ್ಕಾರ ಕೊಟ್ಟೀತು. ಲಾಭವೂ ಬಂತು, ಸುಳ್ಳಲ್ಲ, ತಿಳಿ ನೀರಿನ ಕಾರ್ಖಾನೆ ಅಂತಲೇ ಮೇಡಮ್ಮಿನ ಕಂಪನಿ ಇವರನ್ನು ಹುಡುಕಿಕೊಂಡು ಬಂತು, ಪಕ್ಕದ ಬೀದಿಯ ಬಣ್ಣದ ಮನೆಗಳು ಒಂದೊಂದಾಗಿ ಬೀಗ ಹಾಕುವಾಗ ಇಲ್ಲಿ ಎರಡು ಪಾಳಿಯ ಕೆಲಸ. ಇವತ್ತು ಬೆಳಿಗ್ಗೆಯೂ ಅತ್ತೆಯ ಫೋನು ಬಂದಿತ್ತು. ಅವಳು ಎತ್ತಲಿಲ್ಲ. ಮೇಜಿನ ಮೇಲೆ ಅದು ನಡುಗುತ್ತಾ ನಡುಗುತ್ತಾ ಅಂಚಿನವರೆಗೆ ಬಂದು ನಿಂತಿತ್ತು, ಕೈ ನೀಡಿದ್ದರೆ ಸಿಗುತ್ತಿತ್ತು, ಮೇಡಂ ಬರೋ ಹೊತ್ತಾಯ್ತು ಆಮೇಲೆ ಮಾಡೋಣ ಅಂದುಕೊಂಡಳು, ಹೊತ್ತಾಗಿರಲಿಲ್ಲ.

ನಿಮ್ಮ ಕಪ್ಪು ಮಾತ್ರ ಅದ್ಭುತ, ಮೇಡಂ ಅನ್ನುತ್ತಿದ್ದಾರೆ, ಬಟ್ಟೆಯ ತುಂಡನ್ನು ಬೆಳಕಿಗೆ ಹಿಡಿದು, ಈ ಸಲದ್ದು ಹೋದ ಸಲಕ್ಕಿಂತ ಕಪ್ಪು. ಹೌದು, ಕಪ್ಪು. ಇನ್ನೂ ಕಪ್ಪು ಬೇಕು, ಅದೇ ದರಕ್ಕೆ ಬೇಕು, ಬೇಗ ಬೇಕು, ಆದರೆ ನೀರು ಮಾತ್ರ ಹಾಲಿನಂತಿರಬೇಕು, ಅಂತ ಹೇಳಿದವರೂ ನೀವೇ ತಾನೇ, ಬಾಯಿಯ ತುದಿಗೆ ಬಂದದ್ದನ್ನು ಟೀ ಜೊತೆ ನುಂಗುತ್ತಾಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹೊಡೆಯುವವಳು ಮಾತ್ರ ನಗುತ್ತಿರಬೇಕು. ಕಪ್ಪಿನ ನೀರು ಮೊಂಡು, ಬೇಗ ತಿಳಿಯಾಗುವುದಿಲ್ಲ, ಹೊಂಡದಲ್ಲಿ ಗಾಳಿ ಕುಡಿಯುತ್ತಾ ನಿಲ್ಲಬೇಕು, ನೀರು ಮಾಗಬೇಕಮ್ಮಾ ಅನ್ನುತ್ತಾನೆ ಮೀನಣ್ಣ, ಹಣ್ಣಿನ ಹಾಗೆ, ಹಿಸುಕಿದರೆ ಹಣ್ಣಾಗಲ್ಲ. ಆದರೆ ಹೊಂಡ ತುಂಬಿ, ಹಿಂದಿನಿಂದ ಇನ್ನೂ ನೀರು ಬರುತ್ತಿದ್ದರೆ ಮುಂದಿನದನ್ನು ಬಿಡಲೇಬೇಕು, ಬಿಡದಿದ್ದರೆ ಬಣ್ಣದ ತೊಟ್ಟಿಗಳು ನಿಲ್ಲಬೇಕು, ನಿಂತರೆ ಮಾಲು ತಡ, ತಡವಾದರೆ ಮೇಡಂ ಬೇರೆ ಬಾಗಿಲು ತಟ್ಟುತ್ತಾರೆ, ಆಗ ಎರಡು ಪಾಳಿ ಒಂದಾಗಿ, ಒಂದು ಸೊನ್ನೆಯಾಗಿ, ಬಟ್ಟೆ ಹಿಂಡುವ ಆ ಮುದುಕಿ ಎಲ್ಲಿಗೆ ಹೋಗುತ್ತಾಳೆ, ಅವಳ ಮಗಳು ಬಾಣಂತಿ, ಹೊಟ್ಟೆಗೆ ಹಿಟ್ಟಿಲ್ದೆ ಇದ್ರೂ ಜುಟ್ಟಿಗೆ ಮಲ್ಲಿಗೆ ಹೂವಾ ಅಕ್ಕಾ, ಅಂತ ತಮ್ಮ, ಒಂದೇ ಒಂದು ವಾರ, ಈ ಮಾಲು ಹೋಗ್ಲಿ, ಆಮೇಲೆ ನಿನ್ನ ನೀರು ಮಾಗ್ಲಿ, ಕೊಳೀಲಿ, ಏನಾದ್ರೂ ಆಗ್ಲಿ. ಆಗಲಿ ಅಂದವಳು ಅವಳು. ತಮ್ಮನಲ್ಲ, ಅವಳು. ಒಂದು ವಾರ ಅಂದದ್ದು ಇನ್ನೊಂದನ್ನು ಕೈಹಿಡಿದು ಕರೆತಂದಿತು, ಮೀನುಗಳು ತೊಟ್ಟಿಯಲ್ಲಿ ಓಡಾಡಿಕೊಂಡೇ ಇದ್ದವು, ಯಜಮಾನ ಹೊಟ್ಟೆ ಮುಂದೆ ಮಾಡಿಕೊಂಡು ಬರುತ್ತಿತ್ತು ಹೋಗುತ್ತಿತ್ತು, ಅದನ್ನು ನೋಡಿದಾಗಲೆಲ್ಲ ಅವಳು, ನೋಡಿದ್ಯಾ, ಏನೂ ಆಗಿಲ್ಲ, ಅಂತ ತನಗೆ ತಾನೇ ಹೇಳಿಕೊಂಡಳು, ಎರಡು ಸಲ ಹೇಳಿಕೊಂಡಳು. ಯಾಕೆ ಎರಡು ಸಲ.

ಇವತ್ತು ಬೆಳಿಗ್ಗೆ ತೊಟ್ಟಿಯ ಮೇಲೆಲ್ಲ ಕಿತ್ತಳೆ. ಹೊಟ್ಟೆ ಮೇಲಾಗಿ ತೇಲುವ ಮೀನು ಎಷ್ಟು ಹಗುರವಾಗಿ ಕಾಣುತ್ತದೆ, ಪಕ್ಕದಲ್ಲಿ ಮೀನಣ್ಣ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ, ನನ್ ಕೈಯಾರೆ ಕೊಂದ್ನಮ್ಮಾ, ಗಾಜು ಪಾಚಿ ಕಟ್ಟಿತ್ತು, ಆ ಮೇಡಂ ಬರ್ತಾರೆ ಫಳಫಳ ಅನ್ಲಿ ಅಂತ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದೆ, ಮೂರು ಸಲ ತೊಳ್ದು ನೀರು ಬಿಟ್ಟೆ, ಆದ್ರೂ ಸಂದೀಲೆಲ್ಲೋ ಉಳ್ಕೊಂಡಿರಬೇಕು — ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಷ್ಟು ಕಾಲ ಬದುಕಿದ್ದನ್ನು, ಬದುಕಿವೆ ಅಂತ ತೋರಿಸುವ ದಿನ ತೊಳೆದು ಕೊಂದದ್ದು. ಅವಳು ಬಗ್ಗಿ ತೊಟ್ಟಿಯ ಅಂಚನ್ನು ಬೆರಳಲ್ಲಿ ಸವರಿದಳು, ವಾಸನೆ ಇತ್ತು, ಆ ಕ್ಷಣ ಅವಳಿಗೆ ಏನಾಯಿತು, ಹೇಳಲು ನಾಚಿಕೆಯಾಗುತ್ತದೆ, ಖುಷಿಯಾಯಿತು. ಪುಡಿ, ನೀರಲ್ಲ. ಮೀನಣ್ಣನ ತಪ್ಪು, ತನ್ನದಲ್ಲ. ತಮ್ಮ ಬಂದ, ನೋಡಿದ, ನಕ್ಕ. ಅಂಗಡಿ ತೆರೆಸಿ ಹೊಸ ಮೀನು ತಂದ, ತೊಟ್ಟಿಗೆ ಬಾವಿ ನೀರು ತುಂಬಿಸಿದ, ಕಾಲುವೆಯ ಕಡೆಯ ನಲ್ಲಿ ತಿರುಗಿಸಿ ಹೊಂಡದ ನೀರನ್ನು ತೊಟ್ಟಿಗೆ ತಾಗದಂತೆ ಹಿಂದಿನಿಂದ ಸೀದಾ ಕಾಲುವೆಗೆ ಹಾಯಿಸಿದ, ಮೀನು ಮೀನೇ ಅಕ್ಕಾ, ಯಾವ ಮೀನು ಅಂತ ಯಾರಾದ್ರೂ ಮುಖ ನೋಡಿ ಗುರುತು ಹಿಡೀತಾರಾ. ಆಗ ಮೀನಣ್ಣ ಬಕೆಟ್ಟು ತಂದು ತೋರಿಸಿದ. ಒಂದು ಉಳಿದಿದೆಯಮ್ಮಾ. ಹರಿದ ಬಾಲ. ಬಾವಿ ನೀರಲ್ಲಿ ಸುಧಾರಿಸಿಕೊಂಡು ಕಿವಿರು ಆಡಿಸುತ್ತಿತ್ತು. ಅಮ್ಮಾ, ಇದನ್ನ ಬರೀ ಹೊಂಡದ ನೀರಿಗೆ ಬಿಡೋಣ, ಪುಡಿ ಸೋಕದ ಹೊಸ ಟಬ್ಬಲ್ಲಿ, ಕೆಳಗೆ ಹೋಗಿ ಓಡಾಡ್ತು ಅಂದ್ರೆ ನೀರು ಒಳ್ಳೇದು, ತಪ್ಪು ಪುಡೀದು, ನಂದು. ಮೇಲಕ್ಕೆ ಬಂದು ಬಾಯಿ ಬಿಡ್ತಾ ನಿಂತ್ರೆ — ಅಲ್ಲಿಗೇ ನಿಲ್ಲಿಸಿದ. ಆಮೇಲೆ, ನಂದೇ ತಪ್ಪಾಗ್ಲಿ ಅಂತ ಬೇಡ್ಕೋತಿದೀನಮ್ಮಾ, ಅಂದ. ಅವನು ಹಾಗೆ ಬೇಡಿಕೊಳ್ಳುವಾಗ ಅವಳೂ ಅದನ್ನೇ ಬೇಡಿಕೊಳ್ಳುತ್ತಿದ್ದಳು, ಅವನ ತಪ್ಪಾಗಲಿ ಅಂತ, ಎಂಥ ಹೆಂಗಸು ನೀನು. ಬೇಡ ಅಕ್ಕಾ, ತಮ್ಮ ಮೊದಲ ಸಲ ನಗದೆ ಹೇಳಿದ, ಗೊತ್ತು ಮಾಡ್ಕೊಂಡು ಏನ್ ಮಾಡ್ತೀಯ. ಬಿಡು ಮೀನಣ್ಣಾ, ಟಬ್ಬಿಗೆ ಬಿಡು, ಅಂದಳು. ಗೇಟಿನಲ್ಲಿ ಕಾರಿನ ಹಾರನ್ನು. ಬಕೆಟ್ಟು ಬಗ್ಗಿತು, ಕಿತ್ತಳೆ ಜಾರಿತು, ನೀರಲ್ಲಿ ಒಂದು ಸುತ್ತು ಹೊಡೆದು ಕೆಳಕ್ಕೆ ಹೋಯಿತು, ಹೋಯಿತು, ಅವಳು ಕಣ್ಣಾರೆ ನೋಡಿದ್ದಾಳೆ, ತಳದಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡು, ಇದು ಚೆನ್ನಾಗಿದ್ರೆ ಮೇಲೆ ನೋಡಿ ಕೈ ಎತ್ತುತ್ತೀನಿ, ನೀವು ಹೋಗಿ ಅಮ್ಮಾ, ಅವರನ್ನ ಕಾಯಿಸ್ಬೇಡಿ, ಅಂದ ಮೀನಣ್ಣ.

ಕೈ ಎತ್ತುತ್ತಿಲ್ಲ. ಟೀ ಆರಿತು, ಮೇಲೆ ಕೆನೆ ಕಟ್ಟಿತು, ಬೋಳುತಲೆ ಅಲ್ಲೇ ಇದೆ, ಮರೆತಿರಬಹುದು, ಅವನಿಗೆ ಮರೆವು ಜಾಸ್ತಿ, ಊಟದ ಡಬ್ಬಿ ಮರೆಯುತ್ತಾನೆ, ಚಪ್ಪಲಿ ಮರೆಯುತ್ತಾನೆ, ಕೈ ಎತ್ತುವುದನ್ನು ಮರೆತಿದ್ದಾನೆ. ಕಾಗದ ಪತ್ರ ಎಲ್ಲ ಆಮೇಲೆ, ಮೇಡಂ ಎದ್ದು ನಿಂತರು, ಎಲ್ಲರೂ ಸಹಿ ಹಾಕಿ ಕಳಿಸ್ತಾರೆ, ನನಗೆ ನಿಮ್ಮ ಬಾಯಿಂದ ಬರಬೇಕು, ನಿಮ್ಮ ತೊಟ್ಟಿ ಹತ್ರ ನಿಂತು ಒಂದೇ ಒಂದು ಮಾತು, ನಾವು ಬಿಡೋ ನೀರಿಂದ ಯಾವ ಜೀವಕ್ಕೂ ತೊಂದರೆ ಇಲ್ಲ ಅಂತ, ನಾನು ಫೋನಲ್ಲಿ ವಿಡಿಯೋ ಮಾಡ್ಕೋತೀನಿ, ಅದೊಂದಿದ್ರೆ ಮುಂದಿನ ವರ್ಷದ ಮಾಲೂ ನಿಮಗೇ. ನಮ್ಮಕ್ಕನಿಗೆ ಅದಕ್ಕಿಂತ ಸಂತೋಷ ಏನಿದೆ ಮೇಡಂ, ತಮ್ಮನ ಕೈ ಅವಳ ಮೊಣಕೈ ಮೇಲೆ, ಒತ್ತುತ್ತಿದೆ, ಮೆಟ್ಟಿಲು, ಕಂಬಿ, ಬೆರಳಲ್ಲಿ ಅದೇ ವಾಸನೆ, ಬಣ್ಣದ ಮನೆಯ ಬಾಗಿಲಲ್ಲಿ ಹಿಂಡುವ ಮುದುಕಿ ಕೈಯೊರೆಸಿಕೊಂಡು ನಿಂತು ನೋಡುತ್ತಾಳೆ, ಮಾಲು ಸಿಕ್ತಾ ಅಂತ ಕಣ್ಣಲ್ಲೇ ಕೇಳುತ್ತಾಳೆ, ಅವಳು ನಗುತ್ತಾಳೆ, ಎಲ್ಲಿಂದ ಬಂತು ಈ ನಗು, ತಮ್ಮನದು ಇದು. ಗಾಜಿನ ತೊಟ್ಟಿ ಫಳಫಳ ಅನ್ನುತ್ತಿದೆ, ಬಾವಿ ನೀರಲ್ಲಿ ಅಂಗಡಿ ಮೀನುಗಳು ಮದುವೆ ಮನೆಗೆ ಬಂದವರ ಹಾಗೆ ಓಡಾಡುತ್ತಿವೆ, ಎಷ್ಟು ಮುದ್ದಾಗಿವೆ, ಎಷ್ಟು ವರ್ಷದಿಂದ ಇವೆ, ಅಂತ ಮೇಡಂ, ಶುರುವಿಂದಾನೂ ಮೇಡಂ, ಅಂತ ತಮ್ಮ. ಅವಳು ಟಬ್ಬಿನ ಕಡೆ ನೋಡುವುದಿಲ್ಲ. ನೋಡದಿದ್ದರೆ ಅದು ಇನ್ನೂ ತಳದಲ್ಲೇ ಇದೆ. ಅತ್ತೆ ಯಾಕೆ ಫೋನು ಮಾಡಿದ್ದಳು, ಸುಮ್ಮನೆ ಮಾಡಿರಬಹುದು, ಸುಮ್ಮನೆ ಯಾವತ್ತು ಮಾಡಿದ್ದಾಳೆ. ಅರೆ, ಇದೊಂದನ್ನ ಯಾಕೆ ಬೇರೆ ಇಟ್ಟಿದೀರಿ — ಮೇಡಂ ಅಂಗಳ ದಾಟಿ ಟಬ್ಬಿನ ಮೇಲೆ ಬಗ್ಗಿದ್ದಾರೆ, ಮೀನಣ್ಣ ಎದ್ದು ನಿಂತಿದ್ದಾನೆ, ಎರಡು ಕೈಗಳೂ ಕೆಳಗೆ, ಜೋತುಬಿದ್ದ ಹಾಗೆ, ಈಗಲೂ ಅವಳ ಮುಖ ನೋಡುವುದಿಲ್ಲ. ಅದಕ್ಕೆ ವಯಸ್ಸಾಯ್ತು ಮೇಡಂ, ರಿಟೈರ್ ಮಾಡಿಸಿದೀವಿ, ತಮ್ಮ ನಕ್ಕ, ಮೇಡಮ್ಮೂ ನಕ್ಕರು, ಪಾಪ, ಹಾಗಾದ್ರೆ ಇಲ್ಲೇ ಇದರ ಪಕ್ಕದಲ್ಲೇ ಬನ್ನಿ, ಚೆನ್ನಾಗಿ ಬರುತ್ತೆ, ಹಾಂ, ಸ್ವಲ್ಪ ಬಗ್ಗಿ, ಈಗ ಹೇಳಿ. ಫೋನಿನ ಕಣ್ಣು ಅವಳ ಮೇಲೆ. ನಾವು ಬಿಡೋ ನೀರಿಂದ, ಅಷ್ಟೇ ತಾನೇ, ಆರು ಮಾತು, ಏಳು ಮಾತು, ಮುದುಕಿ ಬಾಗಿಲಲ್ಲಿ, ಅತ್ತೆ ಕಾಲುವೆಯ ದಂಡೆಯಲ್ಲಿ, ನಾವು ಬಿಡೋ ನೀರಿಂದ ಯಾವ, ಹೇಳಕ್ಕಾ, ಹೇಳಮ್ಮಾ, ಹೇಳೇ — ಅವಳು ಬಾಯಿ ತೆರೆದಳು. ಕೆಳಗೆ, ನೀರಿನ ಮಟ್ಟದಲ್ಲಿ, ಹರಿದ ಬಾಲ ಜೋತುಬಿದ್ದು, ಕಿತ್ತಳೆ ಮೂತಿ ಗಾಳಿಗೆ ಚಾಚಿ, ಬಾಯಿ. ತೆರೆಯಿತು. ಮುಚ್ಚಿತು. ತೆರೆಯಿತು.