ಬಜೆಟ್ ದಿನದ ಫೋನು

ನಮ್ಮ ಮನೆಯಲ್ಲಿ ವರ್ಷಕ್ಕೊಂದು ಹಬ್ಬ ಹೆಚ್ಚು. ಯುಗಾದಿಗೆ ಮುಂಚೆ ಬರುತ್ತದೆ. ಅಂದು ನಮ್ಮ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋನಿಗೆ ಪೂರ್ತಿ ಚಾರ್ಜು ತುಂಬಿಸಿ, ಟಿವಿಯ ಮುಂದೆ ಕೂರುತ್ತಾರೆ. ರಾಜ್ಯದ ಬಜೆಟ್ ಮಂಡನೆ! ಅವರ ಹೆಸರು ರಾಮಪ್ಪ, ಧಾರವಾಡದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಭಾಗ್ಯಾ, ಅವರಿಗೆ ಚಹಾ ಮಾಡಿಕೊಡುವ ಕೆಲಸದಿಂದ ಇನ್ನೂ ನಿವೃತ್ತಳಾಗದವಳು.

ಭಾಷಣ ಮುಗಿಯುವ ಹೊತ್ತಿಗೆ ಪತ್ರಿಕೆಯಿಂದ ಪ್ರತಾಪನ ಫೋನು ಬರುತ್ತಿತ್ತು. ಅವನು ಇವರ ಹಳೆಯ ವಿದ್ಯಾರ್ಥಿ. "ಸರ್, ಬಜೆಟ್ ಹೆಂಗೈತ್ರಿ? ಎರಡ ಸಾಲು ಸಾಕ್ರಿ" ಎನ್ನುತ್ತಿದ್ದ. ಇವರು ಹೇಳುತ್ತಲೇ ಹೋಗುತ್ತಿದ್ದರು, ಮರುದಿನ ಅಚ್ಚಾಗುತ್ತಿದ್ದುದು ಎರಡೇ ಸಾಲು, ಪಕ್ಕದಲ್ಲಿ ತಲೆತುಂಬ ಕಪ್ಪು ಕೂದಲಿದ್ದ ಕಾಲದ ಫೋಟೋ. ಕೆಲಗೇರಿ ಕೆರೆಯ ದಂಡೆಯಲ್ಲಿ ವಾಕಿಂಗ್ ಬರುವವರು "ಭಾಳ ಛಲೋ ಹೇಳೀರಿ ಸರ್" ಅಂದರೆ ಸಾಕು, ಒಂದು ವಾರ ಇವರಿಗೆ ನನ್ನ ಅಡುಗೆಯಲ್ಲಿ ಉಪ್ಪು ಹೆಚ್ಚಾದರೂ ಗೊತ್ತಾಗುತ್ತಿರಲಿಲ್ಲ.

ಈ ವರ್ಷ ಪ್ರತಾಪನಿಗೆ ಕಲಬುರಗಿಗೆ ವರ್ಗವಾಗಿತ್ತು. ಭಾಷಣ ಮುಗಿಯಿತು, ಫೋನು ಬರಲಿಲ್ಲ. ಇವರು ಝೆರಾಕ್ಸ್ ಅಂಗಡಿಗೆ ಹೋಗಿ ಬಜೆಟ್ಟಿನ ಬೇಕಾದ ಪುಟಗಳ ಪ್ರಿಂಟ್ ತೆಗೆಸಿ ತಂದರು. ಎಂದಿನಂತೆ ಹಾಸ್ಟೆಲುಗಳ ಪುಟವನ್ನೇ ಮೊದಲು ತೆಗೆದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. ಆಗಲೂ ಬರಲಿಲ್ಲ.

"ಇವತ್ತ ನೆಟ್‌ವರ್ಕ್ ಇಲ್ಲೇನ?" ಎಂದು ಕೇಳಿದರು.

"ಇರಲಿಕ್ಕಿಲ್ಲ ಬಿಡ್ರಿ," ಎಂದೆ.

ಹಾಗೆ ಅನ್ನುತ್ತಿದ್ದಂತೆಯೇ ಫೋನು ರಿಂಗಾಯಿತು. ಸಾಲ ಬೇಕೇ ಎಂದು ಕೇಳುವ ಯಾವುದೋ ಕಂಪನಿಯ ಹುಡುಗಿ. ಇವರು "ಹೇಳ್ರಿ ಮೇಡಂ, ಹೇಳ್ರಿ" ಎಂದು ಎಷ್ಟು ಆಸೆಯಿಂದ ಅಂದರೆಂದರೆ, ನನಗೆ ಕೇಳಲಾಗಲಿಲ್ಲ. ಆ ಪತ್ರಿಕೆಯವರ ಮೇಲಿನ ಸಿಟ್ಟನ್ನೆಲ್ಲ ಕುಕ್ಕರಿನ ಮುಚ್ಚಳದ ಮೇಲೆ ತೀರಿಸಿಕೊಂಡೆ. ಬೇಳೆ ಒಲೆಯ ಮೇಲಿಟ್ಟು, "ಸುರಭಿ ಕಡೆ ಕರಿಬೇವು ಇಸಗೊಂಡು ಬರ್ತೇನಿ" ಎಂದು ಹೇಳಿ ಮಹಡಿ ಹತ್ತಿದೆ.

ಸುರಭಿ ನಮ್ಮ ಮೇಲಿನ ಮನೆಯ ಬಾಡಿಗೆಯವಳು. ಆಗಷ್ಟೇ ಬ್ಯಾಂಕಿನ ಕೆಲಸ ಮುಗಿಸಿ ಬಂದಿದ್ದಳು. ಅವಳ ನಂಬರು ಇವರ ಫೋನಿನಲ್ಲಿಲ್ಲ. ವಿಷಯ ಹೇಳಿದೆ, ನಗುತ್ತಲೇ ತನ್ನ ಫೋನು ಕೊಟ್ಟಳು. ನಾನು ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಮೂಗಿನಿಂದ ಶುರುಮಾಡಿದೆ.

"ನಮಸ್ಕಾರ ಸರ್, ಪತ್ರಿಕೆಯಿಂದ ಸುಹಾಸಿನಿ ಮಾತಾಡ್ತಾ ಇದೀನಿ. ಬಜೆಟ್ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು. ಎದ್ದು ನಿಂತಿರಬೇಕು.

"ಬರಕೊಳ್ರಿ ಮೇಡಂ," ಎಂದರು. "ಭಾಷಣ ಕೇಳಿ ಹಿಗ್ಗಬ್ಯಾಡ್ರಿ. ಮೂರು ಅಂಕಿ ಬಾಜೂ ಬಾಜೂ ಇಟ್ಟು ನೋಡ್ರಿ. ಹೋದ ವರ್ಷ ಎಷ್ಟು ಕೊಡತೇವಿ ಅಂದಿದ್ರು, ಖರೇ ಎಷ್ಟು ಖರ್ಚಾತು, ಈ ವರ್ಷ ಎಷ್ಟು ಕೊಡತೇವಿ ಅಂತಾರ. ನಡುವಿನ ಅಂಕಿ ಐತಲ್ಲ, ಅದ ಖರೇ ಬಜೆಟ್. ಉಳಿದ ಎರಡೂ ಬೀಗರ ಮುಂದ ಆಡೋ ಮಾತು."

ಪ್ರತಾಪನಾಗಿದ್ದರೆ ಇಲ್ಲಿಗೇ ಥ್ಯಾಂಕ್ಸ್ ಹೇಳಿ ಇಟ್ಟುಬಿಡುತ್ತಿದ್ದ. ನನಗೆ ಮಾತ್ರ ನಿಜವಾಗಿಯೂ ತಿಳಿದುಕೊಳ್ಳಬೇಕೆನಿಸಿತು. "ಸರ್, ಕೊಡ್ತೀವಿ ಅಂದ ದುಡ್ಡು ಖರ್ಚಾಗದೆ ಯಾಕೆ ಉಳಿಯುತ್ತೆ?" ಎಂದು ಕೇಳಿದೆ.

ಪುಟ ತಿರುವಿದ ಸದ್ದು ಕೇಳಿಸಿತು. "ಛಲೋ ಕೇಳಿದ್ರಿ. ಬಿಡುಗಡಿ ಆಗೂದು ತಡಾ ಆಗತೈತ್ರಿ. ಹಾಸ್ಟೆಲ್ ಹುಡುಗರಿಗೆ ಜೂನ್‌ದಾಗ ಬೇಕಾದ ರೊಕ್ಕ ಮಾರ್ಚ್‌ದಾಗ ಬಂದ್ರ ಏನ ಉಪಯೋಗ? ಜೂನ್ ತಿಂಗಳ ಹಸಿವಿಗೆ ಮಾರ್ಚ್‌ದಾಗ ಉಣಸಾಕ ಬರ್ತೈತೇನ್ರಿ?"

ಅಷ್ಟರಲ್ಲಿ ಫೋನಿನೊಳಗಿಂದ ನಮ್ಮ ಕುಕ್ಕರು ಕೂಗಿತು. ಮತ್ತೊಮ್ಮೆ ಕೂಗಿತು. ಮೂರನೆಯದಕ್ಕೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ರೀ, ಮೂರು ಸೀಟಿ ಆತು, ಗ್ಯಾಸ್ ಬಂದ್ ಮಾಡ್ರಿ!"

ಸುರಭಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆ ಕಡೆ ಫೋನನ್ನು ಮೇಜಿನ ಮೇಲಿಟ್ಟ ಸದ್ದು, ಹೆಜ್ಜೆಯ ಸದ್ದು. ಕುಕ್ಕರಿನ ಬುಸುಬುಸು ನಿಂತಿತು. ಹೆಜ್ಜೆಗಳು ವಾಪಸು ಬಂದವು.

"ಆತ್ರಿ ಮೇಡಂ," ಎಂದರು, ಬಹಳ ಗಂಭೀರವಾಗಿ. "ಮುಂದಿನ ಪ್ರಶ್ನಿ ಕೇಳ್ರಿ."

ನನ್ನ ಕಣ್ಣು ತುಂಬಿ ಬಂತು. ಇನ್ನು ಆ ಟಿವಿಯ ಮೂಗನ್ನು ಎಲ್ಲಿಂದ ತರಲಿ? ನಮ್ಮ ಮನೆಯ ಮಾತಿನಲ್ಲೇ ಕೇಳಿದೆ. "ಪ್ರತಿ ವರ್ಷ ಹಾಸ್ಟೆಲಿನ ಪುಟಾನ ಮೊದಲ ಯಾಕ ತಗೀತೀರಿ, ಸರ್?"

"ನಮ್ಮೂರು ಗಬ್ಬೂರದಿಂದ ಟ್ರಂಕ್ ಹೊತಗೊಂಡು ಧಾರವಾಡಕ್ಕ ಓದಾಕ ಬಂದಾಗ ಸಣ್ಣವಿದ್ದೆ, ಮೇಡಂ. ಹಾಸ್ಟೆಲಿಗೆ ಕೀಲಿ ಹಾಕಿತ್ತು. 'ನಿನ್ನ ಊಟದ ರೊಕ್ಕ ಬಜೆಟ್‌ದಾಗ ಐತಿ, ಆದ್ರ ಇನ್ನೂ ಬಂದಿಲ್ಲ' ಅಂದ್ರು ವಾರ್ಡನ್ನರು. ನಮ್ಮವ್ವ ಕಟ್ಟಿಕೊಟ್ಟ ರೊಟ್ಟಿ ತೀರೂತನಕ ಅಲ್ಲೇ ಕಟ್ಟಿ ಮ್ಯಾಲ ಮಲಗಿದೆ. ಇದ್ದದ್ದು ಯಾಕ ಬರೂದಿಲ್ಲ ಅನ್ನೂದು ನನಗ ತಿಳೀಬೇಕಾಗಿತ್ತು. ಅದಕ್ಕ ಅರ್ಥಶಾಸ್ತ್ರ ಓದಿದೆ."

"ತಿಳೀತೇನ್ರಿ?"

"ಅರ್ಧಾ ತಿಳೀತು. ಇನ್ನರ್ಧಾ ತಿಳದೀತು ಅಂತ ಪ್ರತಿ ವರ್ಷ ನೋಡತೇನಿ."

ಮದುವೆಯಾಗಿ ಇಷ್ಟು ವರ್ಷವಾದರೂ ಈ ಮಾತು ನಮ್ಮ ನಡುವೆ ಬಂದಿರಲಿಲ್ಲ. ಟ್ರಂಕಿನ ಪಕ್ಕ ಮಲಗಿದ್ದ ಆ ಹುಡುಗನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಫೋನಿಟ್ಟವಳೇ ಕೆಳಗಿಳಿದು ಹೋಗಿ ಬಿಸಿ ರೊಟ್ಟಿ ಬಡಿದು ಬಡಿಸಿದೆ. ಕರಿಬೇವು ತರಲು ಮರೆತದ್ದು ಒಗ್ಗರಣೆಗೆ ನಿಂತಾಗಲೇ ನೆನಪಾಯಿತು. ಇವರು ಕೇಳಲಿಲ್ಲ. ಬಜೆಟ್ಟಿನ ಮಾತನ್ನೂ ಎತ್ತದೆ ಎರಡು ರೊಟ್ಟಿ ಹೆಚ್ಚೇ ಉಂಡರು.

ಆದರೆ ಬೆಳಗಾಗುವ ಹೊತ್ತಿಗೆ ನನಗೆ ದಿಗಿಲು ಹತ್ತಿತು. ಪೇಪರು ಬರುತ್ತದಲ್ಲ! ಆಟ ಹೂಡುವಾಗ ಇದೊಂದು ಹೊಳೆದೇ ಇರಲಿಲ್ಲ. ಇವರು ಎಂದಿನಂತೆ ಅಂಗಳದಲ್ಲಿ ನಿಂತು ಪುಟ ತಿರುವಿದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಪುಟದ ತುಂಬ ಊರ ಗಣ್ಯರ ಫೋಟೋಗಳು, ಎಲ್ಲರದೂ ಎರಡೆರಡು ಸಾಲು. ಇವರದಿರಲಿಲ್ಲ. ಪೇಪರನ್ನು ಮಡಚಿ ಒಳಗೆ ಬಂದು ನನ್ನ ಪಕ್ಕದಲ್ಲಿ ನಿಂತರು. ನಾನು ಚಹಾ ಸೋಸುತ್ತಲೇ ಇದ್ದೆ, ತಲೆಯೆತ್ತಲಿಲ್ಲ.

"ಆ ಸುಹಾಸಿನಿ ಮೇಡಂ ನಿನಗ ಪರಿಚಯ ಅದಾರೇನ?" ಎಂದು ಕೇಳಿದರು.

"ಒಂದೀಟು," ಎಂದೆ.

"ಹಂಗಾರ ಮುಂದಿನ ವರ್ಷನೂ ಫೋನ್ ಮಾಡಾಕ ಹೇಳು. ಪೇಪರ್‌ದಾಗ ಬರದಿದ್ರೂ ನಡೀತೈತಿ." ಚಹಾದ ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡರು. "ಇಷ್ಟು ವರ್ಷದಾಗ ನನಗ ಎರಡನೇ ಪ್ರಶ್ನಿ ಕೇಳಿದವರು ಅವರೊಬ್ಬರ."