ಉಣ್ಣು ಅನ್ನುವ ಮಾತು

ಮಲ್ಲಕ್ಕನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದ ಮೇಲೆ ಹಿಂದಿ ಕಲಿತಳು, ಮರಾಠಿ ಕಲಿತಳು, ಕಾಯಿಪಲ್ಲೆಯವನ ಜೊತೆ ಜಗಳಾಡುವಷ್ಟು ಗುಜರಾತಿಯನ್ನೂ ಕಲಿತಳು. ಅಷ್ಟು ಸಾಲದೆಂದು ಈಗ ಸ್ವಾಹಿಲಿ ಕಲಿಯಬೇಕಂತೆ! ಅದೂ ಯಾರಿಗಾಗಿ? ಮೂರು ವರ್ಷದ ಒಂದು ಹಿಡಿ ಕೂಸಿಗಾಗಿ.

ಕೂಸಿನ ಹೆಸರು ನೀಲಾ. ಅದರ ಅಪ್ಪ ಸಿದ್ದಲಿಂಗಪ್ಪ, ಅವ್ವ ರಾಚವ್ವ, ಇಬ್ಬರೂ ಧಾರವಾಡದವರು. ಉಗಾಂಡಾದ ಕಂಪಾಲಾದಲ್ಲಿ ಸಾಲಿ ಕಲಿಸಿಕೊಂಡು ಸುಖವಾಗಿದ್ದರು. ಎಪ್ಪತ್ತೆರಡರಲ್ಲಿ ಅಲ್ಲಿಯ ಸರಕಾರ ನಮ್ಮ ಭಾರತದವರನ್ನೆಲ್ಲ ದೇಶ ಬಿಡಿಸಿದಾಗ ಪೆಟ್ಟಿಗೆ ಕಟ್ಟಿಕೊಂಡು ಬಂದು ಸಾಂತಾಕ್ರೂಜಿನ ಬಿಲ್ಡಿಂಗೊಂದರಲ್ಲಿ ಎರಡು ಖೋಲಿ ಹಿಡಿದರು. ಪೆಟ್ಟಿಗೆಗಳೇನೋ ಬಂದವು, ಅತಿಯೆನೊ ಬರಲಿಲ್ಲ. ಅತಿಯೆನೊ ಎಂದರೆ ನೀಲಾಳನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಅಲ್ಲಿಯ ಆಯಾ. ಅವಳನ್ನು ಬಿಟ್ಟು ಬಂದಂದಿನಿಂದ ಕೂಸು ಬಾಯಿ ತೆರೆಯುವುದನ್ನೇ ಬಿಟ್ಟಿತ್ತು. ಮಾತಿಗೂ ಇಲ್ಲ, ತುತ್ತಿಗೂ ಇಲ್ಲ. ಒಂದಿಷ್ಟು ಹಾಲು ಒಳಗೆ ಹೋದರೆ ಅದೇ ಪುಣ್ಯ.

ನೋಡಿಕೊಳ್ಳಲು ಇಟ್ಟುಕೊಂಡದ್ದು ಮಲ್ಲಕ್ಕನನ್ನು. ಅಂಧೇರಿಯಲ್ಲಿ ಕಟ್ಟಡದ ಕೆಲಸ ಮಾಡುವಾಗ ಬಿದ್ದು ಸೊಂಟ ಮುರಿದುಕೊಂಡ ಹೆಂಗಸು ಅವಳು. ಇನ್ನು ಜನ್ಮದಲ್ಲಿ ಬುಟ್ಟಿ ಹೊರುವಂತಿಲ್ಲ. ಈ ಕೆಲಸ ಹೋದರೆ ಇನ್ನೊಂದಿಲ್ಲ. ರಾಚವ್ವನೋ, ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದಳು: "ದೀಪಾವಳಿಯೊಳಗ ಕೂಸು ಉಣಬೇಕು. ಇಲ್ಲಂದ್ರ ಬ್ಯಾರೆದಾಕಿನ್ನ ನೋಡತೀನಿ, ಮಲ್ಲಕ್ಕ. ಸಿಟ್ಟಾಗಬ್ಯಾಡ."

ಸಿಟ್ಟಾಗಬೇಡವಂತೆ! ಕೂಸು ಉಣ್ಣದಿದ್ದರೆ ಅದರಲ್ಲಿ ಮಲ್ಲಕ್ಕನ ತಪ್ಪೇನು? ಆದರೆ ರಾಚವ್ವನ ಲೆಕ್ಕ ಬೇರೆ. ಕೂಸಿಗೆ ಸ್ವಾಹಿಲಿ ಬಿಟ್ಟು ಬೇರೆ ಭಾಷೆ ಹತ್ತುವುದಿಲ್ಲ, ಸ್ವಾಹಿಲಿಯಲ್ಲಿ ಹೇಳಿದರೆ ಉಣ್ಣುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಅಡಿಗೆಮನೆಯಲ್ಲಿ ಪಾಠ.

"ಜಾಂಬೋ ಅಂದ್ರ ನಮಸ್ಕಾರ. ಹಬಾರಿ ಅಂದ್ರ ಏನ್ ಸುದ್ದಿ. ಅದಕ್ಕ ನ್ಜೂರಿ ಅನಬೇಕು, ಛಲೋ ಅಂತ."

"ಛಲೋ ಇರಲಿಲ್ಲಂದ್ರ ಏನನಬೇಕ್ರಿ ಬಾಯಾರ?"

"ಆವಾಗೂ ಮೊದಲ ಹಂಗ ಅನಬೇಕು."

ಇದೊಳ್ಳೆ ಕಥೆಯಾಯಿತು ಎಂದುಕೊಂಡಳು ಮಲ್ಲಕ್ಕ. ನೀರಿಗೆ ಮಾಜಿ, ಹಾಲಿಗೆ ಮಾಜಿವಾ, ಅವ್ವನಿಗೆ ಮಾಮಾ, ಬಾಳೆಹಣ್ಣಿಗೆ ನ್ದಿಜಿ. ಆ ನ್ದಿಜಿ ಅನ್ನುವಾಗ ನಾಲಿಗೆ ಎಲ್ಲಿಡಬೇಕೆಂದೇ ತಿಳಿಯದೆ ಅವಳಿಗೆ ಬೆವರು ಬಂತು. ಲೇತೆ ಅಂದರೆ ತಾ, ಫಾಗಿಯಾ ಅಂದರೆ ಕಸ ಹೊಡಿ, ಓಶಾ ಅಂದರೆ ತೊಳಿ, ಪೀಕಾ ಅಂದರೆ ಅಡಿಗೆ ಮಾಡು, ಕಿದೋಗೊ ಅಂದರೆ ಒಂಚೂರು, ಹರಾಕಾ ಅಂದರೆ ಲಗೂನ.

ಮಧ್ಯಾಹ್ನ ಮಲ್ಲಕ್ಕ ಅನ್ನ ಸಾರಿನ ತಟ್ಟೆ ಹಿಡಿದು ಕೂಸಿನ ಮುಂದೆ ಕೂತಳು. ಯಾವ ಮಾತು ಹತ್ತುತ್ತದೋ ಹತ್ತಲಿ ಎಂದು ಕಲಿತದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದಳು. ನೀಲಾ ಕಣ್ಣರಳಿಸಿ ನೋಡಿತು. ಅಬ್ಬಾ, ತಿಳಿಯಿತು ಎಂದು ಮಲ್ಲಕ್ಕನ ಜೀವಕ್ಕೆ ಸಮಾಧಾನವಾಗುವಷ್ಟರಲ್ಲಿ ಕೂಸು ಎದ್ದು ಹೋಗಿ ಮೂಲೆಯ ಕಸಬರಿಗೆ ಹಿಡಿದು, ಸೊಂಟ ಬಗ್ಗಿಸಿ ಕಸ ಹೊಡೆಯತೊಡಗಿತು. ಕಸಬರಿಗೆ ಅದಕ್ಕಿಂತ ಉದ್ದವಿತ್ತು.

ಮಲ್ಲಕ್ಕನಿಗೆ ನಗು ಬರಲಿಲ್ಲ. ಕಸಬರಿಗೆ ಕಸಿದುಕೊಂಡು ರಾಚವ್ವನ ಹತ್ತಿರ ಹೋದಳು.

"ಬಾಯಾರ, ಉಣ್ಣು ಅನ್ನೂದಕ್ಕ ಅವರ ಮಾತಿನ್ಯಾಗ ಏನಂತಾರ್ರಿ? ಅದನ್ನ ಹೇಳಿಕೊಟ್ಟಿಲ್ಲಲ್ಲ ನೀವು."

ರಾಚವ್ವ ಒಂದೊಂದೇ ಮಾತನ್ನು ಬೆರಳು ಮಡಿಚಿ ಎಣಿಸಿದಳು. "ಚಾಕುಲಾ ಅಂದ್ರ ಊಟ. ಚಾಕುಲಾ ಲೇತೆ ಅಂತಿದ್ವಿ, ಊಟ ತಾ ಅಂತ. ಉಣ್ಣು ಅಂತ..." ಅವಳು ಸೆರಗು ಸರಿಮಾಡಿಕೊಂಡಳು. "ಆಳಿಗೆ ಉಣ್ಣು ಅಂತ ನಾವು ಯಾವಾಗ ಹೇಳೂದು?"

"ಮತ್ತ ಕೂಸಿಗೆ?"

"ಕೂಸಿಗೆ ಆಕಿನ ಉಣಸತಿದ್ಲು. ಹಿತ್ತಲದಾಗ, ಆಕಿ ಖೋಲಿಯೊಳಗ. ನಾ ಸಾಲಿಗೆ ಹೋಗಾಕಿ." ರಾಚವ್ವ ಮುಖ ಸಿಂಡರಿಸಿದಳು. "ಆಕಿ ಹಿಟ್ಟಿನ ಮುದ್ದಿ ಕೂಸಿಗೆ ಹಾಕಬ್ಯಾಡ ಅಂತ ಎಷ್ಟು ಸಲ ಬೈದೀನಿ!"

ಮಲ್ಲಕ್ಕನಿಗೆ ಕೆಂಡದಂಥ ಸಿಟ್ಟು ಬಂದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಮಾತು ತನಗೇ ಬಾರದು, ಹೆದರಿಕೆ ಹಾಕುವುದು ನನಗೆ! ಹೋದರೆ ಹೋಗಲಿ ಕೆಲಸ ಎಂದು ಅಡಿಗೆಮನೆಯ ಮೂಲೆಗೆ ಹೋಗಿ, ಕೂಸಿಗೆ ಬೆನ್ನು ಮಾಡಿ ಕೂತು, ತನ್ನ ಡಬ್ಬಿ ಬಿಚ್ಚಿ ತಟ್ಟೆಗೆ ಸುರಿದಳು. ಅದರಲ್ಲಿದ್ದದ್ದು ಜೋಳದ ಹಿಟ್ಟಿನ ಮುದ್ದೆ, ಸಂಗಟಿ, ಜೊತೆಗೊಂದಿಷ್ಟು ಸಾರು. ಗಂಡ ಸಾಯಬಣ್ಣನಿಗೆ ಹಲ್ಲುನೋವು, ರೊಟ್ಟಿ ಅಗಿಯಲಾಗದು, ಅದಕ್ಕೆ ಆ ದಿನ ಸಂಗಟಿ ತಿರುವಿದ್ದಳು.

ಎರಡು ತುತ್ತು ಉಂಡಿರಬೇಕು. ಬದಿಯಿಂದ ಸಣ್ಣ ಕೈಯೊಂದು ತಟ್ಟೆಗೆ ಬಂತು.

ನೀಲಾ ಬಿಳಿ ಸಂಗಟಿಯಲ್ಲಿ ಚೂರು ಮುರಿದು ಅಂಗೈಯಲ್ಲಿ ಉಂಡೆ ಮಾಡಿತು. ಹೆಬ್ಬೆರಳಿನಿಂದ ನಡುವೆ ಒತ್ತಿ ಗುಳಿ ಮಾಡಿ, ಆ ಗುಳಿಯಲ್ಲಿ ಸಾರು ತುಂಬಿಕೊಂಡು ಮಲ್ಲಕ್ಕನ ಬಾಯಿಯ ಹತ್ತಿರ ತಂದಿತು.

"ಕುಲಾ, ಮಾಮಾ," ಎಂದಿತು ಮೆಲ್ಲಗೆ. "ಕುಲಾ ಕಿದೋಗೊ."

ಯಾರೂ ಅರ್ಥ ಹೇಳಬೇಕಾಗಲಿಲ್ಲ. ಮಲ್ಲಕ್ಕ ಬಾಯಿ ತೆರೆದಳು. ತುತ್ತು ಉಪ್ಪಗಿತ್ತು, ಕಣ್ಣೀರು ಯಾವಾಗ ಇಳಿಯಿತೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ತಾನೂ ಒಂದು ಉಂಡೆ ಮಾಡಿ, ಗುಳಿ ಒತ್ತಿ, "ಕುಲಾ, ನಮ್ಮವ್ವಾ," ಎಂದಳು. ಕೂಸು ಬಾಯಿ ತೆರೆಯಿತು. ನಿನಗೊಂದು ತುತ್ತು, ನನಗೊಂದು ತುತ್ತು ಎಂದು ತಟ್ಟೆ ಅರ್ಧ ಖಾಲಿಯಾಯಿತು.

ಮಾತಿನ ಸದ್ದು ಕೇಳಿ ರಾಚವ್ವ ಬಾಗಿಲಿಗೆ ಓಡಿ ಬಂದಳು. ಅವಳನ್ನು ಕಂಡದ್ದೇ ತಡ, ನೀಲಾ ತಟ್ಟೆಯನ್ನು ಎಳೆದು ಬೆನ್ನ ಹಿಂದೆ ಅಡಗಿಸಿ, ಎದ್ದು ನೆಟ್ಟಗೆ ನಿಂತಿತು. ತಲೆ ತಗ್ಗಿಸಿತು. ಮನೆಯೊಡತಿ ಹಿತ್ತಲ ಖೋಲಿಗೆ ಬಂದಾಗ ಅತಿಯೆನೊ ಹೇಗೆ ನಿಲ್ಲುತ್ತಿದ್ದಳೋ ಹಾಗೆ.

ರಾಚವ್ವನಿಗೆ ಆ ನಿಲುವಿನ ಗುರುತು ಸಿಕ್ಕಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಏನಂತು ಅದು, ಮಲ್ಲಕ್ಕ?" ಎಂದು ಕೇಳಿದಳು. "ನನಗೂ ಹೇಳಿಕೊಡು."

"ನನಗ ಕೇಳಬ್ಯಾಡ್ರಿ, ಬಾಯಾರ. ಕೆಳಗ ಕುಂಡರ್ರಿ, ಕೂಸಿನ ಮುಂದ. ಬಾಯಿ ತೆರೀರಿ."

ರಾಚವ್ವ ಇಸ್ತ್ರಿಯ ಸೀರೆಯಲ್ಲೇ ನೆಲದ ಮೇಲೆ ಕೂತಳು. ಸಣ್ಣ ಮಗುವಿನ ಹಾಗೆ ಬಾಯಿ ತೆರೆದಳು. ನೀಲಾ ಅವಳನ್ನು ನೋಡಿತು, ಮಲ್ಲಕ್ಕನನ್ನು ನೋಡಿತು. ಬೆನ್ನ ಹಿಂದಿನ ತಟ್ಟೆಯನ್ನು ಮಾತ್ರ ಮುಂದೆ ತರಲಿಲ್ಲ.

"ಬಾಯಿ ಮುಚ್ಚಬ್ಯಾಡ್ರಿ," ಎಂದಳು ಮಲ್ಲಕ್ಕ. "ನಾ ಇಷ್ಟು ದಿನ ಕಾದೀನಿ. ನೀವೂ ಕಾಯ್ರಿ."