ಗೋಡೆಯಾಚೆಯ ತಾಳ

ಹೆಡ್‌ಫೋನಿನೊಳಗೆ ಕಿವಿ ಬೆವರುತ್ತಿದೆ, ಆದರೂ ದೇವೇಂದ್ರ ತೆಗೆಯಲಾರ, ಆಲ್ಬಮ್ಮಿನ ಮೊದಲ ಹಾಡು ಈಗಷ್ಟೇ ರೆಕಾರ್ಡ್ ಆಯಿತು, ಎಲ್ಲೂ ಜಾರಲಿಲ್ಲ, ಅಬ್ಬ, ಸದ್ಯ — ಡ್ರಮ್ಸ್ ಹಿಂದಿನಿಂದ ಮೋನಿಷಾ ಬಂತು ಗುರು, ಬಂತು ಅನ್ನುತ್ತಿದ್ದಾಳೆ, ಅಳುತ್ತಲೂ ಇದ್ದಾಳೆ, ಅತೀಫ್ ಇದ್ದಿದ್ದರೆ ಮೂಗು ಒರೆಸ್ಕೊ ಮೊದ್ಲು ಎಂದು ರೇಗಿಸುತ್ತಿದ್ದ, ಅವನಿಲ್ಲ, ಈ ರಾಕ್ ಬ್ಯಾಂಡ್ ಕಟ್ಟಿದವನೇ ಇಲ್ಲ, ಅವನ ಗಿಟಾರ್ ತನ್ನ ಕೊರಳಲ್ಲಿದೆ, ಕರೆಂಟು ಮಗ್ಗದ ಮೇಲೆ ಹಸಿರು ಸೀರೆಯನ್ನು ಅರ್ಧಕ್ಕೆ ಬಿಟ್ಟು, ಎದೆ ನೋಯ್ತಿದೆ ಕಣೋ, ತೋರಿಸ್ಕೊಂಡು ಬಂದ್ಬಿಡ್ತೀನಿ ಎಂದು ಹೋದವನು ಬರಲಿಲ್ಲ. ಅವನ ಹಾಡುಗಳನ್ನು ಆಲ್ಬಮ್ ಮಾಡಲೇಬೇಕೆಂದು ಹಟ ಹಿಡಿದು ಮೊದಲು ಬೆಂಗಳೂರಿನ ಸ್ಟುಡಿಯೋಗೆ ಹೋದದ್ದು, ಗೋಡೆಗೆಲ್ಲ ಮೆತ್ತೆ, ಉಸಿರಾಡಿದರೂ ಕೇಳುವಂಥ ನಿಶ್ಶಬ್ದ, ಅಲ್ಲೇ ಎಡವಟ್ಟಾದದ್ದು, ಮೂರು ದಿನವೂ ಹಾಡು ಒಮ್ಮೆ ಓಡಿತು, ಒಮ್ಮೆ ಕುಂಟಿತು, ಅತೀಫ್ ಇಲ್ದೆ ಆಗಲ್ಲ ಬಿಡು ಎಂದು ಮೋನಿಷಾ ಡ್ರಮ್ಸ್ ಕಡ್ಡಿಗಳನ್ನು ಚೀಲಕ್ಕೆ ತುರುಕಿದಳು — ದೊಡ್ಡಬಳ್ಳಾಪುರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಹೊಳೆಯಿತು, ಏಳು ವರ್ಷ ಅಭ್ಯಾಸ ಮಾಡಿದ್ದು ಅತೀಫನ ಮನೆಯ ಮಗ್ಗದ ಪಕ್ಕದ ಕೋಣೆಯಲ್ಲಿ, ಗೋಡೆಯಾಚೆಯ ಟಕಟಕಕ್ಕೇ ಅವನು ಎಲ್ಲ ಹಾಡು ಹೊಂದಿಸಿದ್ದ, ಇಷ್ಟು ದಿನ ತಮಗೆ ತಾಳ ಹಾಕಿದ್ದು ಆ ಮಗ್ಗ, ಪೆದ್ದುಗಳಿಗೆ ಗೊತ್ತೇ ಆಗಿರಲಿಲ್ಲ.

ಆದರೆ ಅತೀಫನ ಅಪ್ಪ ಮಸ್ತಾನ್ ಸಾಬರು ಎಂಟು ತಿಂಗಳಿಂದ ಅದನ್ನು ಮುಟ್ಟಿರಲಿಲ್ಲ, ಧೂಳು ಕೂಡ ಒರೆಸಿರಲಿಲ್ಲ, ಹೇಗೆ ಕೇಳುವುದು, ಚಾಚಾ, ಮಗ್ಗ ಓಡಿಸ್ತೀರಾ, ಹಾಡು ಮುಗಿಯೋವರೆಗೂ ಸಾಕು — ಅವರು ಮುಖ ಆಚೆ ತಿರುಗಿಸಿದರು, ಇನ್ನು ಈ ಮನೆಗೆ ಕಾಲಿಡುವಂತಿಲ್ಲ ಅಂದುಕೊಂಡ ದೇವೇಂದ್ರ, ಆ ಸೀರೆ ಮುಗಿದ್ಬಿಟ್ರೆ ಅವ್ನ ಕೆಲ್ಸ ಅಂತ ಏನೂ ಉಳಿಯಲ್ಲಪ್ಪಾ ಎಂದರು, ಆಮೇಲೆ ಎದ್ದು ಎಣ್ಣೆಯ ಡಬ್ಬಿ ಹುಡುಕಿದರು. ಇವತ್ತು ಆ ಪಕ್ಕದ ಕೋಣೆಯಲ್ಲೇ ರೆಕಾರ್ಡಿಂಗ್, ಅವರು ಸ್ವಿಚ್ ಒತ್ತಿದ್ದೇ ತಡ, ಟಕಟಕ, ಬೆರಳುಗಳು ತಾವಾಗಿಯೇ ದಾರಿ ಹಿಡಿದವು, ಎಷ್ಟು ಹಗುರ, ಈಗ ಮಗ್ಗ ನಿಂತಿದೆ, ದೇವೇಂದ್ರ ಹೆದರುತ್ತಲೇ ಬಾಗಿಲಿಗೆ ಬರುತ್ತಾನೆ, ಚಾಚಾ ಬಾಗಿ ಸೀರೆಯ ಮೇಲೆ ಕೈ ಅಗಲಿಸಿ ಅಳೆಯುತ್ತಿದ್ದಾರೆ, ಹಾಡಿಗೊಂದು ಗೇಣು, ಇನ್ನೆಷ್ಟೈತೆ ಹಾಡು, ಇನ್ನೂ ಏಳಿವೆ ಚಾಚಾ, ಸೀರೆ ಸಾಲತ್ತೆ ಬಿಡು, ಸಾಲ್ದಿದ್ರೆ ಇನ್ನೊಂದು ಸೀರೆ ಶುರು ಮಾಡೋಣ — ನಗುತ್ತಿದ್ದಾರೆ, ಹೌದು, ನಗುತ್ತಿದ್ದಾರೆ, ಅತೀಫ್ ನಿಲ್ಲಿಸಿದ ಕಡೆ ಧೂಳು ಕೂತ ಗೆರೆ, ಅದರ ಈಚೆಗೆ ಹಸಿರು, ಧೂಳಿನ ಗೆರೆ, ಈಚೆಗೆ ಹಸಿರು, ಒಂದು ಗೇಣು ಹಸಿರು.